ಹಾನ್ಸ್ ಹಾಕೆಯ ಮತಪೆಟ್ಟಿಗೆಯೂ ಬರ್ಲಿನ್ ಶಾಸನಸಭೆಯ ಮೃತ್ತಿಕೆಯೂ

ಕಾವ್ಯನಾಟಕಗಳಲ್ಲಿ ಸಹೃದಯನಿಗೆ ಸಲ್ಲುವ ಸ್ಥಾನವನ್ನು ಭಾರತೀಯ ಆಲಂಕಾರಿಕರು ಬಹು ಹಿಂದೆಯೇ ಗೊತ್ತುಮಾಡಿರುವರು. ರಸಾಸ್ವಾದವು ಆತನಿಲ್ಲದೆ ನಡೆಯದು. ಆದರೆ ಕೃತಿಯ ರಚನೆಯಲ್ಲಿ ಆತನ ಕೈಯಿಲ್ಲ. ಈ ಮೇರೆಯನ್ನು ಮೀರಿ, ನೋಡಬಂದವನು ಏನನ್ನಾದರೂ ಮಾಡಿದಲ್ಲದೆ ಪೂರ್ಣವಾಗದಂತಹ ಕೃತಿಗಳನ್ನು ರಚಿಸುವ ಪದ್ಧತಿಯು ಕ್ರಿ. ಶ. 1960ರ ಅನಂತರ ಪಾಶ್ಚಾತ್ಯ ದೇಶಗಳಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದಿತು. ಇದನ್ನು ಪ್ರಜಾಪ್ರಭುತ್ವದ ಕಲೆಯೆಂದು ಹೊಗಳುವುದು ವಾಡಿಕೆಯಾಗಿದೆ. ಆ ಹೆಸರು ಎಷ್ಟರ ಮಟ್ಟಿಗೆ ಅನ್ವರ್ಥವೆಂಬುದನ್ನು ಒಬ್ಬ ಕಲಾವಿದನ ಎರಡು ಕೃತಿಗಳ ಚರಿತ್ರೆಯಿಂದ ವಿಚಾರಿಸಬಹುದು.

ಹಾನ್ಸ್ ಹಾಕೆಯು 1936ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಹುಟ್ಟಿ, ಮುಂದೆ ನ್ಯೂಯಾರ್ಕಿನಲ್ಲಿ ನೆಲಸಿದವನು. 1969ರಲ್ಲಿಯೇ ಅವನು ಆ ನಗರದ ಒಂದು ಚಿತ್ರಶಾಲೆಯಲ್ಲಿ ಭೂಪಟಗಳನ್ನು ತೂಗುಹಾಕಿ, ಬಂದವರು ತಮ್ಮ ಜನ್ಮಸ್ಥಳವನ್ನೂ ವಾಸಸ್ಥಳವನ್ನೂ ಸೂಜಿ ಚುಚ್ಚಿ ತೋರಿಸುವಂತೆ ಏರ್ಪಡಿಸಿದ್ದನು. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ 'ಇನ್‌ಫರ್ಮೇಷನ್' ಎಂಬ ಪ್ರದರ್ಶನಕ್ಕಾಗಿ ಅವನು ಎರಡು ಪಾರದರ್ಶಕವಾದ ಪೆಟ್ಟಿಗೆಗಳನ್ನು ಇರಿಸಿದನು. ಒಂದು 'ಹೌದು' ಎಂಬುದಕ್ಕೆ, ಇನ್ನೊಂದು 'ಅಲ್ಲ' ಎಂಬುದಕ್ಕೆ. ಮೇಲುಗಡೆ ಬರೆದಿದ್ದ ಪ್ರಶ್ನೆಯ ತಾತ್ಪರ್ಯವಿದು: ಅಧ್ಯಕ್ಷ ನಿಕ್ಸನ್ನನ ಇಂಡೋಚೈನಾ ನೀತಿಯನ್ನು ಗವರ್ನರ್ ರಾಕ್‌ಫೆಲ್ಲರನು ಖಂಡಿಸದೆ ಇರುವುದು, ನವೆಂಬರಿನಲ್ಲಿ ನೀವು ಅವನಿಗೆ ಮತವನ್ನು ಕೊಡದಿರಲು ಕಾರಣವಾಗುವುದೇ?

ಪ್ರಶ್ನೆಯ ವಾಕ್ಯರಚನೆಯು ಗಮನಾರ್ಹವಾಗಿದೆ. ಒಂದೇ ವಾಕ್ಯದಲ್ಲಿ ಎರಡು ನಿಷೇಧಗಳಿವೆ; ಯುದ್ಧವನ್ನು ವಿರೋಧಿಸುವವನು 'ಅಲ್ಲ' ಎನ್ನದೆ 'ಹೌದು' ಎನ್ನಬೇಕಾಗಿದೆ. ಮೀಮಾಂಸಕರ ಮುಂದೆ ಈ ವಾಕ್ಯವನ್ನಿಟ್ಟಿದ್ದರೆ ನಞರ್ಥವಿಚಾರದಲ್ಲಿಯೇ ಒಂದು ದಿನ ಕಳೆಯುತ್ತಿದ್ದಿತು. ಆದರೆ ಅಲ್ಲಿ ನೆರೆದವರಿಗೆ ಅರ್ಥಸಂಶಯವೇನೂ ಉಂಟಾದಂತೆ ತೋರುವುದಿಲ್ಲ. ನೆಲ್ಸನ್ ರಾಕ್‌ಫೆಲ್ಲರನು ಆ ಸಂಗ್ರಹಾಲಯದ ಧರ್ಮದರ್ಶಿಗಳಲ್ಲಿ ಒಬ್ಬನು; ಅವನ ತಾಯಿಯು 1929ರಲ್ಲಿ ಅದನ್ನು ಸ್ಥಾಪಿಸಿದವರಲ್ಲಿ ಒಬ್ಬಳು. ಮನೆಯ ಯಜಮಾನನ ವಿಷಯದಲ್ಲಿಯೇ ಅತಿಥಿಗಳ ಅಭಿಪ್ರಾಯವನ್ನು ಕೇಳಿದಂತಾಯಿತು! ಪ್ರಶ್ನೆಯು ರಾಜಕೀಯ ವಿಷಯಕವೆಂಬುದು ಮಾತ್ರ ಅಧಿಕಾರಿಗಳಿಗೆ ಮೊದಲು ತಿಳಿದಿದ್ದು, ಅದರ ಪದಗಳು ಪ್ರದರ್ಶನದ ಆರಂಭಕಾಲಕ್ಕೆ ಹೊರಬಿದ್ದುವು. ಆದರೂ ಪೆಟ್ಟಿಗೆಗಳನ್ನು ತೆಗೆಯಲಿಲ್ಲ.

ಪ್ರದರ್ಶನವು ಮುಗಿಯುವ ವೇಳೆಗೆ 'ಹೌದು' ಎಂಬ ಪೆಟ್ಟಿಗೆಯಲ್ಲಿ 25,566, 'ಅಲ್ಲ' ಎಂಬುದರಲ್ಲಿ 11,563 ಚೀಟಿಗಳು ಬಿದ್ದಿದ್ದುವು. ಸಂಗ್ರಹಾಲಯಕ್ಕೆ ಆ ಅವಧಿಯಲ್ಲಿ ಬಂದವರಾದರೋ 2,99,057 ಮಂದಿ. ಎಂದರೆ ಎಂಟು ಮಂದಿಯಲ್ಲಿ ಒಬ್ಬನು ಮಾತ್ರ ಚೀಟಿಯನ್ನು ಹಾಕಿದನು. ಉಳಿದ ಏಳು ಮಂದಿ ನೋಡಿಕೊಂಡು ಹೋದರು. ನವೆಂಬರಿನ ಚುನಾವಣೆಯಲ್ಲಿ ರಾಕ್‌ಫೆಲ್ಲರನೇ ಗೆದ್ದು ನಾಲ್ಕನೆಯ ಸಲ ಗವರ್ನರನಾದನು. ಚಿತ್ರಶಾಲೆಗೆ ಬರುವ ಜನವೇ ಬೇರೆ, ಸಂಸ್ಥಾನದ ಜನವೇ ಬೇರೆ. ಕೃತಿಯು ವಿಫಲವಾಯಿತೆಂದು ಇದರಿಂದ ಹೇಳಲಾಗದು. ಯಾರನ್ನು 'ಜನ'ವೆಂದು ಎಣಿಸಬೇಕೆಂಬ ಪ್ರಶ್ನೆಯನ್ನು ಅದು ತಿಳಿದೋ ತಿಳಿಯದೆಯೋ ಎತ್ತಿಕೊಟ್ಟಿತು. 1971ರಲ್ಲಿ ಗುಗ್ಗೆನ್‌ಹೈಮ್ ಸಂಗ್ರಹಾಲಯದವರು ಹಾಕೆಯ ಪ್ರದರ್ಶನವನ್ನೇ ರದ್ದುಮಾಡಿ, ಅವನ ಪಕ್ಷವನ್ನು ವಹಿಸಿದ ಎಡ್ವರ್ಡ್ ಫ್ರೈ ಎಂಬ ತಮ್ಮ ಅಧಿಕಾರಿಯನ್ನು ಕೆಲಸದಿಂದ ತೆಗೆದರು. ಅಲ್ಲಿ ವಿವಾದಕ್ಕೆ ಕಾರಣವಾದುದು ನ್ಯೂಯಾರ್ಕಿನ ಮನೆಮಾಲಿಕರ ಆಸ್ತಿಯ ವಿವರಗಳು.

ಎತ್ತಿದ ಆ ಪ್ರಶ್ನೆಯು ಮೂವತ್ತು ವರ್ಷಗಳ ಮೇಲೆ ಬರ್ಲಿನ್ನಿನಲ್ಲಿ ಬೇರೊಂದು ರೂಪದಿಂದ ತಲೆಯೆತ್ತಿತು. ಅಲ್ಲಿನ ರೈಷ್‌ಸ್ಟಾಗ್ ಭವನವು 1894ರಲ್ಲಿ ಪೂರ್ಣವಾದರೂ, ಅದರ ಮುಂಬಾಗಿಲ ಮೇಲಣ 'ಜರ್ಮನ್ ಜನಾಂಗಕ್ಕೆ' ಎಂಬರ್ಥದ ಅಂಕಿತವು ಮಹಾಯುದ್ಧದ ನಡುವೆ, 1916ರಲ್ಲಿ, ಏರಿತು. ಅಕ್ಷರಗಳಿಗೆ ಬೇಕಾದ ಲೋಹವು ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ವಶವಾದ ಫಿರಂಗಿಗಳಿಂದ ದೊರಕಿತು. ಅಲ್ಲಿಯ 'ಫೋಲ್ಕ್' ಎಂಬ ಪದವು ನಾತ್ಸಿಗಳ ಕಾಲದಲ್ಲಿ ರಕ್ತಸಂಬಂಧವನ್ನು ಹೇಳುವ ಪದವಾಗಿ, ಕೋಟ್ಯಂತರ ಜನರನ್ನು ಹೊರಗಿಡಲು ಸಾಧನವಾದುದು ಸುವಿದಿತ. ಹಾಕೆಯು ಆ ಅಂಕಿತಕ್ಕೆ ಪ್ರತಿಯಾಗಿ 'ಡೇರ್ ಬೆಫೋಲ್ಕೆರುಂಗ್', ಎಂದರೆ 'ನಿವಾಸಿಗಳಿಗೆ', ಎಂಬ ಬೆಳಗುವ ಅಕ್ಷರಗಳನ್ನು ಭವನದ ಉತ್ತರದ ಅಂಗಳದಲ್ಲಿ ಆಕಾಶಾಭಿಮುಖವಾಗಿರಿಸಿ, ಅವುಗಳ ಸುತ್ತಲೂ ಶಾಸನಸಭೆಯ ಸದಸ್ಯರು ತಮ್ಮ ತಮ್ಮ ಕ್ಷೇತ್ರದಿಂದ ತಂದ ಮಣ್ಣನ್ನು ಸುರಿಯಬೇಕೆಂದು ಯೋಜಿಸಿದನು.

ಪದಗಳ ವಿಷಯದಲ್ಲಿ ಇಷ್ಟು ಜಗಳವೇಕೆಂದು ಕೇಳುವವರು 'ಪ್ರಜಾ' ಶಬ್ದವನ್ನು ನೋಡಬಹುದು. ಅದರ ಮೂಲಾರ್ಥವು ಸಂತಾನ. ಅನಂತರ ರಾಜನ ಮಕ್ಕಳೆನಿಸಿದ ಪೌರಜಾನಪದರು. ಈಗ ಪ್ರಭುತ್ವವನ್ನೇ ಹೊಂದಿದವನು. ಅರ್ಥವು ಹೀಗೆ ಬದಲಾಗುವಾಗ ರಾಜ್ಯವೂ ಬದಲಾಗಿರುತ್ತದೆ.

ಯೋಜನೆಯನ್ನು ಸಭೆಯೇ ಚರ್ಚಿಸಿತು. ಮುಂಬಾಗಿಲ ಅಂಕಿತವನ್ನು ಇದು ಅವಮಾನಗೊಳಿಸುವುದೆಂದು ಕೆಲವರು, ಮಣ್ಣನ್ನು ಕೂಡಿಸುವ ಕ್ರಿಯೆಯಲ್ಲಿಯೇ ಹಳೆಯ ರಕ್ತ-ಭೂಮಿ ವಾದದ ವಾಸನೆಯಿದೆಯೆಂದು ಕೆಲವರು ಆಕ್ಷೇಪಿಸಿದರು. ಎರಡನೆಯ ಆಕ್ಷೇಪವು ಹಗುರವಾದುದಲ್ಲ. 2000ದ ಏಪ್ರಿಲ್ 5ರಂದು ಮತ ತೆಗೆದುಕೊಂಡಾಗ ಪರವಾಗಿ 260, ವಿರೋಧವಾಗಿ 258 ಮತಗಳು ಬಂದುವು. 31 ಮಂದಿ ತಟಸ್ಥರಾಗಿದ್ದರು. ಎರಡೇ ಮತಗಳ ಅಂತರದಿಂದ ಕೃತಿಯು ಉಳಿಯಿತು. ನ್ಯೂಯಾರ್ಕಿನಲ್ಲಿ ಮತದಾನವು ಕೃತಿಯೊಳಗಿದ್ದಿತು. ಇಲ್ಲಿ ಕೃತಿಯೇ ಮತದಾನದೊಳಗೆ ಸಿಕ್ಕಿಕೊಂಡಿತು. ಈ ಎರಡನೆಯದರಲ್ಲಿ ಸೋಲುವ ಸಂಭವವು ನಿಜವಾಗಿದ್ದುದರಿಂದ ಇದನ್ನೇ ಹೆಚ್ಚಿನ ಪ್ರಜಾಪ್ರಭುತ್ವವೆಂದು ಹೇಳಬೇಕಾಗುತ್ತದೆ.

ಆದರೂ ಒಂದು ನ್ಯೂನತೆಯುಂಟು. ಅಂಕಿತವು ನಿವಾಸಿಗಳೆಲ್ಲರಿಗೆ, ಮಣ್ಣನ್ನು ತರುವ ಹಕ್ಕು ಪ್ರತಿನಿಧಿಗಳಿಗೆ ಮಾತ್ರ. ಮತಾಧಿಕಾರವಿಲ್ಲದ ಪರದೇಶೀಯ ಕೂಲಿಕಾರನು ಅಲ್ಲಿ ಸಂಬೋಧಿತನೇ ಹೊರತು ಕರ್ತೃವಲ್ಲ.

2000ದ ಸೆಪ್ಟೆಂಬರಿನಲ್ಲಿ ಕೃತಿಯ ಪ್ರತಿಷ್ಠೆಯಾಯಿತು. ಆಗಮೋಕ್ತವಾದ ಉತ್ಸವಗಳಲ್ಲಿಯೂ ಮೊದಲು ಮೃತ್ಸಂಗ್ರಹಣವನ್ನೂ ಬಳಿಕ ಅಂಕುರಾರ್ಪಣವನ್ನೂ ಮಾಡುವುದುಂಟು. ಅಲ್ಲಿ ಬೀಜವನ್ನು ವಿಧಿವತ್ತಾಗಿ ಬಿತ್ತುವರು. ಬರ್ಲಿನ್ನಿನ ಅಂಗಳದಲ್ಲಿ ಯಾರೂ ಬಿತ್ತಬೇಕಾಗಿಲ್ಲ, ಕಳೆ ಕೀಳುವಂತೆಯೂ ಇಲ್ಲ. ಮಣ್ಣಿನೊಡನೆ ಬಂದ ಬೀಜಗಳೂ ಗಾಳಿ ತಂದವುಗಳೂ ತಮಗೆ ತೋಚಿದಂತೆ ಬೆಳೆಯತಕ್ಕದ್ದೆಂದು ನಿಬಂಧನೆ. ಚುನಾಯಿತರಾದ ಪ್ರತಿನಿಧಿಗಳು ಆ ಭವನದಲ್ಲಿ ಸಭೆ ಸೇರುವವರೆಗೂ ಹೊಸ ಸದಸ್ಯರು ಮಣ್ಣನ್ನು ತರುತ್ತಿರಬೇಕೆಂಬುದು ಯೋಜನೆಯಲ್ಲಿ ಸೇರಿದೆ.