ಭೂಗೋಳದ ಮೇಲೆ ನಮ್ಮ ಪುಟಗಳ ವಿಳಾಸ: ಅಕ್ಷಾಂಶ, ರೇಖಾಂಶ ಸೇರಿಸುವ ಬಗೆ



ಸಿಡ್ನಿಯಲ್ಲಿ ಒಂದು ಎಪ್ಪಿಂಗ್ ಇದೆ, ಮೆಲ್ಬರ್ನಿನಲ್ಲೂ ಒಂದು ಎಪ್ಪಿಂಗ್ ಇದೆ. "ಯುಗಾದಿ ಕಾರ್ಯಕ್ರಮ, ಎಪ್ಪಿಂಗ್ ಸಭಾಂಗಣ, ಸಂಜೆ 4ಕ್ಕೆ" ಎಂದಷ್ಟೇ ಪ್ರಕಟಿಸಿದರೆ, ಓದುವವರಿಗೆ ಸಂಘದ ಹೆಸರು ನೋಡಿ ಯಾವ ಊರೆಂದು ತಿಳಿದೀತು, ಕಂಪ್ಯೂಟರಿಗೆ ತಿಳಿಯದು. 2002ರಲ್ಲಿ ಆಸ್ಟ್ರೇಲಿಯಾಕ್ಕೆಂದು ಹೊರಟ ಬ್ರಿಟನ್ನಿನ ಯುವ ಜೋಡಿಯೊಂದು ಟಿಕೆಟ್ಟಿನ ಎಡವಟ್ಟಿನಿಂದಾಗಿ ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿಯಲ್ಲಿ ಇಳಿದದ್ದು ದೊಡ್ಡ ಸುದ್ದಿಯಾಗಿತ್ತು. ಇನ್ನು ಕನ್ನಡದಲ್ಲಿ ಬರೆಯುವಾಗ ಮೆಲ್ಬರ್ನ್, ಮೆಲ್ಬೋರ್ನ್, ಪ್ಯಾರಮಟ್ಟ, ಪರಮಟ್ಟ ಎಂದು ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹುಡುಕುವ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಊರುಗಳೇ.

ಈ ಗೊಂದಲಕ್ಕೆಲ್ಲ ಮದ್ದು ಎರಡು ಸಂಖ್ಯೆಗಳು. ಭೂಮಿಯ ಮೇಲಿನ ಯಾವುದೇ ಜಾಗಕ್ಕೂ ಒಂದು ಅಕ್ಷಾಂಶ, ಒಂದು ರೇಖಾಂಶ ಇರುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವನ್ನು ಅಂತರ್ಜಾಲ ಪುಟದಲ್ಲಿ ಯಂತ್ರಕ್ಕೆ ಅರ್ಥವಾಗುವ ಹಾಗೆ ಬರೆದಿಟ್ಟರೆ, ಗೂಗಲ್ ಅರ್ಥ್‌ನಂತಹ ತಿರುಗುವ ಭೂಗೋಳದ ತಂತ್ರಾಂಶಗಳು ನಮ್ಮ ಕಾರ್ಯಕ್ರಮವನ್ನು ಸರಿಯಾದ ಬೀದಿಯ ಮೇಲೇ ಕೂರಿಸಬಲ್ಲವು. ಸಂಘದ ತಾಣಕ್ಕೆ ಸುದ್ದಿ ಬರೆದು ಕೊಡುವವರಿಗೂ ಸ್ವಂತ ತಾಣ ಇಟ್ಟುಕೊಂಡವರಿಗೂ ಉಪಯೋಗವಾಗಲೆಂದು ನಮಗೆ ತಿಳಿದದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲು ಸ್ವಲ್ಪ ಹಿನ್ನೆಲೆ. ಗೂಗಲ್ ಸಂಸ್ಥೆ 2004ರಲ್ಲಿ ಅಮೆರಿಕದ ಕೀಹೋಲ್ ಎಂಬ ಕಂಪನಿಯನ್ನು ಕೊಂಡು, ಅದರ ತಂತ್ರಾಂಶವನ್ನು 2005ರ ಜೂನ್‌ನಲ್ಲಿ ಗೂಗಲ್ ಅರ್ಥ್ ಎಂಬ ಹೆಸರಿನಲ್ಲಿ ಹೊರತಂದಿತು. ಅದೇ 2004ರಲ್ಲಿ ಅದು ಕೊಂಡ ಇನ್ನೊಂದು ಪುಟ್ಟ ಕಂಪನಿ ನಮ್ಮ ಸಿಡ್ನಿಯದು: ಲಾರ್ಸ್ ಮತ್ತು ಯೆನ್ಸ್ ರಾಸ್ಮುಸೆನ್ ಸೋದರರು, ನೋಯೆಲ್ ಗಾರ್ಡನ್ ಮತ್ತು ಸ್ಟೀಫನ್ ಮಾ ಕಟ್ಟಿದ ವೇರ್ 2 ಟೆಕ್ನಾಲಜೀಸ್. 2005ರ ಫೆಬ್ರವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ಹುಟ್ಟಿದ್ದು ಅದರಿಂದ. ಇಂದು ಬೆಂಗಳೂರಿನ ಆಟೋ ಚಾಲಕರೂ ನೋಡಿಕೊಂಡು ಓಡಿಸುವ ನಕ್ಷೆಯ ಬೇರು ಸಿಡ್ನಿಯಲ್ಲಿದೆ ಎಂದು ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳಬಹುದು.

ಕೀಹೋಲ್ ಬಿಟ್ಟುಹೋದ ಮುಖ್ಯ ಆಸ್ತಿಯೆಂದರೆ ಕೆಎಂಎಲ್ ಎಂಬ ಬರವಣಿಗೆಯ ಕ್ರಮ. ಜಾಗದ ಹೆಸರು, ಒಂದಿಷ್ಟು ವಿವರಣೆ, ಸ್ಥಾನದ ಸಂಖ್ಯೆಗಳು, ಇಷ್ಟನ್ನು ಸಾಮಾನ್ಯ ಪಠ್ಯವಾಗಿ ಬರೆದಿಡುವ ಸಣ್ಣ ಫೈಲು ಅದು. 2008ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವಾಯಿತು, ಈಗ ಒಂದೇ ಕಂಪನಿಯ ಸೊತ್ತಲ್ಲ. ಇದರ ಮಹತ್ವ ಗೊತ್ತಾದದ್ದು ಆಮೇಲೆ. ಆ ದಿನಗಳಲ್ಲಿ ಪುಟದೊಳಗೇ ಗೋಳ ತಿರುಗಿಸಲು ಗೂಗಲ್ ಅರ್ಥ್ ಪ್ಲಗಿನ್ ಹಾಕಿಕೊಂಡಿದ್ದ ತಾಣಗಳೆಷ್ಟೋ. 2017ರಲ್ಲಿ ಆ ಪ್ಲಗಿನ್ ನಿಂತಾಗ ಅಲ್ಲೆಲ್ಲ ಗೋಳ ಮಾಯವಾಯಿತು. ಆದರೆ ಕೆಎಂಎಲ್ ಫೈಲುಗಳು ಇವತ್ತಿಗೂ ತೆರೆಯುತ್ತವೆ. ಸೀಸಿಯಂ ಎಂಬ ಮುಕ್ತ ತಂತ್ರಾಂಶದ ಗೋಳದಲ್ಲೂ ತೆರೆಯುತ್ತವೆ. ಆಸ್ಟ್ರೇಲಿಯಾ ಸರಕಾರದ ಮಾಹಿತಿಗಾಗಿ 2014ರಲ್ಲಿ ಆರಂಭವಾದ ನ್ಯಾಷನಲ್‌ಮ್ಯಾಪ್ ಬಳಸಿದ್ದು ಇದೇ ಸೀಸಿಯಂ ಅನ್ನು. ಹಾಗಾಗಿ ತಂತ್ರಾಂಶವನ್ನು ನೆಚ್ಚಿಕೊಳ್ಳದೆ ಮಾಹಿತಿಯನ್ನು ಸರಳವಾಗಿ ಬರೆದಿಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ.

ಪುಟದ ಒಳಗೇ ಸ್ಥಾನ ಸೂಚಿಸುವುದಕ್ಕೂ ದಾರಿಗಳಿವೆ. ಹಳೆಯದು ಪುಟದ ತಲೆಭಾಗದಲ್ಲಿ ಬರೆಯುವ ಮೆಟಾ ಗುರುತು. ಅದರಲ್ಲೊಂದಕ್ಕೆ ಐಸಿಬಿಎಂ ಎಂದು ಹೆಸರು, ಅಂದರೆ ಖಂಡಾಂತರ ಕ್ಷಿಪಣಿ! ಕ್ಷಿಪಣಿ ಗುರಿಯಿಡಲು ಬೇಕಾದಷ್ಟು ನಿಖರ ವಿಳಾಸ ಎಂದು ಹಳೆಯ ಕಂಪ್ಯೂಟರ್ ಮಂದಿ ಮಾಡುತ್ತಿದ್ದ ತಮಾಷೆಯೇ ಹೆಸರಾಗಿ ನಿಂತಿತು. ಜಿಯೋ ಪೊಸಿಷನ್ ಎಂಬುದು ಇನ್ನೊಂದು. ಇವನ್ನು ಹಾಕಿದರೆ ತೊಂದರೆಯೇನೂ ಇಲ್ಲ, ಆದರೆ ಗೂಗಲ್ ಹುಡುಕಾಟ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2011ರಲ್ಲಿ ಹುಡುಕಾಟದ ದೊಡ್ಡ ಕಂಪನಿಗಳೆಲ್ಲ ಸೇರಿ ಹೊರತಂದ ಸ್ಕೀಮಾ ಡಾಟ್ ಆರ್ಗ್ ಕ್ರಮದಲ್ಲಿ ಕಾರ್ಯಕ್ರಮದ ಹೆಸರು, ದಿನಾಂಕ, ಸಭಾಂಗಣದ ವಿಳಾಸ, ಅಕ್ಷಾಂಶ, ರೇಖಾಂಶಗಳನ್ನು ಒಟ್ಟಿಗೆ ಬರೆಯಬಹುದು. ಹೊಸದಾಗಿ ಮಾಡುವವರು ಇದನ್ನೇ ಅನುಸರಿಸಿ, ಜೊತೆಗೆ ಒಂದು ಕೆಎಂಎಲ್ ಫೈಲಿಗೆ ಕೊಂಡಿ ಕೊಟ್ಟರೆ ಸಾಕು.

ಸಂಖ್ಯೆ ಎಲ್ಲಿ ಸಿಗುತ್ತದೆ? ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಬೇಕಾದ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಮೊದಲ ಸಾಲಿನಲ್ಲೇ ಕಾಣುತ್ತದೆ. ಸಿಡ್ನಿಯ ಒಪೆರಾ ಹೌಸ್‌ಗೆ -33.857, 151.215, ಮೆಲ್ಬರ್ನಿನ ಫೆಡರೇಷನ್ ಸ್ಕ್ವೇರ್‌ಗೆ -37.818, 144.969, ನಮ್ಮ ವಿಧಾನಸೌಧಕ್ಕೆ 12.980, 77.591. ಶಾಲೆಯ ಸಭಾಂಗಣವಾದರೆ ಕಟ್ಟಡದ ಚಾವಣಿಯ ಮೇಲೆ ಗುರುತು ಹಾಕಬೇಡಿ, ಕಾರು ಒಳಗೆ ಹೋಗುವ ಗೇಟಿನ ಮೇಲೆ ಹಾಕಿ. ದೊಡ್ಡ ಶಾಲೆಗಳಿಗೆ ಎರಡು ಬೀದಿಗಳಲ್ಲಿ ಎರಡು ಗೇಟು ಇರುತ್ತವೆ. ಬಿಸಿಬೇಳೆಬಾತಿನ ಪಾತ್ರೆ ಹೊತ್ತುಕೊಂಡು ಮೈದಾನ ಸುತ್ತುವ ಕಷ್ಟ ಸ್ವಯಂಸೇವಕರಿಗೇ ಗೊತ್ತು.

ಇನ್ನು ತಪ್ಪುಗಳು ನುಸುಳುವ ಜಾಗಕ್ಕೆ ಬರೋಣ. ಆಸ್ಟ್ರೇಲಿಯಾ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಆದ್ದರಿಂದ ಇಲ್ಲಿಯ ಅಕ್ಷಾಂಶದ ಮುಂದೆ ಕಳೆಯುವ ಚಿಹ್ನೆ ಇರಲೇಬೇಕು. ಅದು ಬಿಟ್ಟುಹೋದರೆ ಮೆಲ್ಬರ್ನಿನ ದಸರಾ ಗೊಂಬೆ ಪ್ರದರ್ಶನ ಜಪಾನಿನ ಕರಾವಳಿಯಿಂದ ಸುಮಾರು ಮುನ್ನೂರು ಕಿ.ಮೀ. ಆಚೆ, ಪೆಸಿಫಿಕ್ ಸಾಗರದ ನಡುವೆ ನಡೆಯುತ್ತದೆ! ಇನ್ನೊಂದು, ಡಿಗ್ರಿ-ಮಿನಿಟ್ ಲೆಕ್ಕ. 33 ಡಿಗ್ರಿ 52 ಮಿನಿಟ್ ಎಂದರೆ 33.52 ಅಲ್ಲ, 52ನ್ನು 60ರಿಂದ ಭಾಗಿಸಬೇಕು, ಆಗ 33.87 ಬರುತ್ತದೆ. ಭಾಗಿಸದೆ ಬರೆದರೆ ಸಿಡ್ನಿ ನಗರದಲ್ಲಿರುವ ಸಭಾಂಗಣ ಸುಮಾರು 40 ಕಿ.ಮೀ. ಉತ್ತರಕ್ಕೆ, ಹಾಕ್ಸ್‌ಬರಿ ನದಿಯ ಕಡೆಗೆ ಹೊರಟುಹೋಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಸಂಖ್ಯೆಗಳ ಅದಲುಬದಲು. ಮೆಟಾ ಗುರುತಿನಲ್ಲೂ ಗೂಗಲ್ ಮ್ಯಾಪ್ಸ್‌ನಲ್ಲೂ ಅಕ್ಷಾಂಶ ಮೊದಲು. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು. ಸಿಡ್ನಿಯ ಸಂಖ್ಯೆಗಳು ತಿರುವುಮುರುವಾದರೆ ಬೇಗ ಗೊತ್ತಾಗುತ್ತದೆ, ಏಕೆಂದರೆ ಅಕ್ಷಾಂಶ 90ನ್ನು ಮೀರುವಂತಿಲ್ಲ, 151 ಎಂಬ ಅಕ್ಷಾಂಶವೇ ಇಲ್ಲ. ಕರ್ನಾಟಕದ ಊರುಗಳದು ಹಾಗಲ್ಲ. 77 ಎಂಬುದು ರೇಖಾಂಶವೂ ಆಗಬಹುದು, ಅಕ್ಷಾಂಶವೂ ಆಗಬಹುದು. ತಂತ್ರಾಂಶ ಚಕಾರವೆತ್ತದೆ ಬೆಂಗಳೂರನ್ನು ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಅಂಚಿನ ಸಮುದ್ರದಲ್ಲಿ ಇಟ್ಟುಬಿಡುತ್ತದೆ. ಎರಡೂ ನಾಡುಗಳ ಜಾಗಗಳನ್ನು ಒಂದೇ ಫೈಲಿನಲ್ಲಿ ಬರೆಯುವ ನಮ್ಮಂಥವರು, ಇಲ್ಲಿಯ ಗುರುತು ಸರಿ ಬಂತೆಂದು ಅಲ್ಲಿಯದೂ ಸರಿ ಎಂದುಕೊಳ್ಳಬಾರದು. ಪ್ರಕಟಿಸುವ ಮುನ್ನ ಒಂದೊಂದನ್ನೂ ಗೋಳದ ಮೇಲೆ ತೆರೆದು ನೋಡಿ.

ಇದು ಬರೀ ಹಬ್ಬದೂಟಕ್ಕೆ ಹೋಗುವ ದಾರಿಯ ಪ್ರಶ್ನೆಯಲ್ಲ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದ ಕಾಳ್ಗಿಚ್ಚಿನಲ್ಲಿ 173 ಮಂದಿ ಪ್ರಾಣ ಕಳೆದುಕೊಂಡರು. ಆಗ ಗೂಗಲ್‌ನ ಆಸ್ಟ್ರೇಲಿಯಾ ತಂಡ ಅಲ್ಲಿಯ ಗ್ರಾಮೀಣ ಅಗ್ನಿಶಾಮಕ ಸಂಸ್ಥೆಯಾದ ಸಿಎಫ್‌ಎ ಪ್ರಕಟಿಸುತ್ತಿದ್ದ ಬೆಂಕಿಯ ಪಟ್ಟಿಯನ್ನು ನಕ್ಷೆಯ ಮೇಲೆ ತಂದಿತು. ಬೆಂಕಿ ಯಾವ ಊರ ಹತ್ತಿರ ಎಂದು ಓದುವುದಕ್ಕೂ, ಅದು ನಮ್ಮ ಮನೆಯಿಂದ ಎಷ್ಟು ದೂರ ಎಂದು ಕಣ್ಣಾರೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ, ಅದರಲ್ಲೂ ಊರುಗಳ ಹೆಸರೇ ತಿಳಿಯದ ಹೊಸಬರಿಗೆ. ಈಗ ನ್ಯೂ ಸೌತ್ ವೇಲ್ಸ್‌ನ ಆರ್‌ಎಫ್‌ಎಸ್ ಹಾಗೂ ವಿಕ್ಟೋರಿಯಾದ ವಿಕ್‌ಎಮರ್ಜೆನ್ಸಿ ಎರಡೂ ಸ್ಥಾನದ ಸಂಖ್ಯೆಗಳ ಸಮೇತವೇ ಮಾಹಿತಿ ಕೊಡುತ್ತವೆ. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ ಬ್ಲೂ ಮೌಂಟನ್ಸ್ ಕಡೆಗೋ ಯಾರಾ ಕಣಿವೆಗೋ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ನಿಖರತೆ ಎಲ್ಲೆಡೆಯೂ ಒಳ್ಳೆಯದಲ್ಲ ಎಂಬ ಮಾತನ್ನೂ ಹೇಳಬೇಕು. ಅಕ್ಷಾಂಶದಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್ ಒಳಗೆ ಜಾಗ ಸಿಗುತ್ತದೆ, ಎರಡೇ ಅಂಕಿ ಬರೆದರೆ ಸುಮಾರು ಒಂದು ಕಿ.ಮೀ. ಸಾರ್ವಜನಿಕ ಸಭಾಂಗಣಕ್ಕೆ ನಾಲ್ಕು ಅಂಕಿ ಇರಲಿ. ಸದಸ್ಯರ ಮನೆಯಲ್ಲಿ ನಡೆಯುವ ಸತ್ಯನಾರಾಯಣ ಪೂಜೆಗೆ, ಭಜನೆಗೆ ಎರಡಕ್ಕಿಂತ ಹೆಚ್ಚು ಬೇಡ; ಬಡಾವಣೆ ತಿಳಿದರೆ ಸಾಕು, ಮನೆ ನಂಬರನ್ನು ಫೋನಿನಲ್ಲಿ ಹೇಳಿದರಾಯಿತು. "ಊರಿಗೆ ಹೋಗಿದ್ದೇವೆ, ಆರು ವಾರ ಮನೆ ಖಾಲಿ" ಎಂಬ ಸುದ್ದಿ ಒಂದು ಪುಟದಲ್ಲಿ, ಮನೆಯ ಬಾಗಿಲು ತೋರಿಸುವ ಸಂಖ್ಯೆ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಜೋಡಿಸುವುದು ಯಾರಿಗೂ ಕಷ್ಟವಲ್ಲ. ಮೊಬೈಲ್ ಫೋಟೋಗಳದ್ದೂ ಇದೇ ಕಥೆ. ಲೊಕೇಷನ್ ಚಾಲೂ ಇದ್ದರೆ ಚಿತ್ರದೊಳಗೇ ಅಕ್ಷಾಂಶ, ರೇಖಾಂಶ ಸೇರಿರುತ್ತವೆ, ಚಿತ್ರವನ್ನು ಹಾಗೇ ತಾಣಕ್ಕೆ ಏರಿಸಿದರೆ ಅವೂ ಜೊತೆಗೆ ಹೋಗುತ್ತವೆ. ಮಕ್ಕಳ ಹುಟ್ಟುಹಬ್ಬದ, ಕನ್ನಡ ಶಾಲೆಯ ಚಿತ್ರಗಳನ್ನು ಆ ಮಾಹಿತಿ ತೆಗೆದೇ ಕಳಿಸಬೇಕು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಕೊನೆಯದಾಗಿ ನಮ್ಮ ಹಿರಿಯರ ಊರುಗಳು. ಹೊಸಹಳ್ಳಿ ಎಂಬ ಹೆಸರಿನ ಊರು ಕರ್ನಾಟಕದಲ್ಲಿ ಎಷ್ಟಿವೆಯೋ ಲೆಕ್ಕವಿಟ್ಟವರಿಲ್ಲ. ತಾತನ ಹೊಸಹಳ್ಳಿ ಯಾವುದೆಂದು ಇಲ್ಲಿ ಹುಟ್ಟಿದ ಮೊಮ್ಮಕ್ಕಳು ಮುಂದೆ ಹುಡುಕುವುದು ಹೇಗೆ? ಕೆಲವು ಊರುಗಳಂತೂ ಈಗ ಇಲ್ಲವೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅಲ್ಲೇ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ. ಮುಳುಗಿದ ಊರಿಗೆ ಪಿನ್‌ಕೋಡ್ ಉಳಿಯದಿದ್ದರೂ ಅಕ್ಷಾಂಶ, ರೇಖಾಂಶ ಉಳಿದಿವೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನೂ ತಿರುವಿ ನೋಡಬಹುದು, ಬೇಸಿಗೆಯ ತಿಂಗಳಿನದು ಸಿಕ್ಕರೆ ಇನ್ನೂ ಒಳ್ಳೆಯದು.

ತಂದೆ ತಾಯಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆ, ಕೆರೆ, ದೇವಸ್ಥಾನ, ಶಾಲೆ ಒಂದೊಂದಕ್ಕೂ ಗುರುತು ಹಾಕಿ, ಅವರು ಹೇಳಿದ್ದನ್ನು ವಿವರಣೆಯ ಜಾಗದಲ್ಲಿ ಬರೆದು ಕೆಎಂಎಲ್ ಆಗಿ ಉಳಿಸಿಕೊಳ್ಳಿ. ಹೆಸರುಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಬರಹ, ನುಡಿ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ, ಇಲ್ಲವಾದರೆ ಗೋಳದ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಊರಿನ ಹೆಸರಿನ ಜೊತೆಗೆ ತಾಲ್ಲೂಕು, ಜಿಲ್ಲೆ ಸೇರಿಸಲು ಮರೆಯಬೇಡಿ, ಮತ್ತು ಫೈಲಿನ ಒಂದು ಪ್ರತಿಯನ್ನು ಊರಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ಕಳಿಸಿ. ಹೊಲದ ಬದು ಎಲ್ಲಿತ್ತೆಂದು ಅವರು ತಿದ್ದಿ ಕಳಿಸುತ್ತಾರೆ.