ಅಮೋನಿಯಂ ಲವಣದಿಂದ ಹುಳಿ ಬಿಡಿಸುವ ಬಗೆ: ಗಂಗಾವತಿಯ ನುಚ್ಚಕ್ಕಿಯ ಲೆಕ್ಕ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆ ಬೆಳೆದು ನಿಂತಾಗ ಎಲೆ ಮೇಲಿನ ರೋಮಗಳು ಹುಳಿ ಒಸರುತ್ತವೆ. ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಅದನ್ನು ಹೀರಿಸಿ, ಹಿಂಡಿ ಸೀಸೆಗೆ ತುಂಬುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಹೊಟ್ಟೆನೋವಿನ ಮನೆಮದ್ದಾದ ಈ ಕಡಲೆಹುಳಿಯಲ್ಲಿ ಮುಖ್ಯವಾಗಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿವೆ. ಅಲ್ಲಿ ಆಮ್ಲ ಬಿಡಿಯಾಗಿಯೇ ಸಿಗುತ್ತದೆ.

ಕಾರ್ಖಾನೆಯ ತೊಟ್ಟಿಯಲ್ಲಿ ಆ ಸುಲಭವಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಗಂಗಾವತಿಯ ಗಿರಣಿಗೆ ಬಂದಾಗ ಅಕ್ಕಿಯ ಜೊತೆ ನುಚ್ಚೂ ಬೀಳುತ್ತದೆ. ಅದರ ಪಿಷ್ಟವನ್ನು ಕಿಣ್ವಗಳಿಂದ ಸಕ್ಕರೆಯಾಗಿಸಿ ಲ್ಯಾಕ್ಟೋಬ್ಯಾಸಿಲಸ್‌ಗೆ ಉಣಿಸಿದರೆ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಆದರೆ ಹುಳಿ ಏರಿದಂತೆ ಬ್ಯಾಕ್ಟೀರಿಯಾ ಸೊರಗುತ್ತದೆ. ಪಿಎಚ್ 5.5ರಿಂದ 6ರೊಳಗೆ ನಿಲ್ಲಿಸಲು ಸುಣ್ಣವನ್ನೋ ಅಮೋನಿಯಾವನ್ನೋ ಬೆರೆಸುತ್ತಲೇ ಇರಬೇಕು. ಕೊನೆಗೆ ಕೈಗೆ ಬರುವುದು ಆಮ್ಲವಲ್ಲ, ಅದರ ಲವಣ.

ಸುಣ್ಣದ ದಾರಿ ಹಳೆಯದು. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1784ರಲ್ಲಿ ನಿಂಬೆಯ ಹುಳಿಯನ್ನು ಬಿಡಿಸಿದ್ದು ಸುಣ್ಣದ ಲವಣ ಮತ್ತು ಗಂಧಕಾಮ್ಲದಿಂದಲೇ. ಈ ದಾರಿಯಲ್ಲಿ ಒಂದು ಟನ್ ಲ್ಯಾಕ್ಟಿಕ್ ಆಮ್ಲಕ್ಕೆ ಸುಮಾರು 950 ಕೆಜಿ ಜಿಪ್ಸಂ ಉಳಿಯುತ್ತದೆ. ಸೋಡಿಯಂ ಹೆಚ್ಚಿದ ಕರಲು ಮಣ್ಣಿಗೆ ಜಿಪ್ಸಂ ಮದ್ದು ನಿಜ. ಆದರೆ ನೀರು ನಿಂತು ಕೆಟ್ಟ ಜವಳು ನೆಲಕ್ಕೆ ಬೇಕಾದದ್ದು ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳಿನ ಅಧ್ಯಯನ ನಡೆಸುತ್ತ ಬಂದಿರುವುದರಿಂದ ಈ ಭೇದ ಅಲ್ಲಿನವರಿಗೆ ಹೊಸದಲ್ಲ.

ಅಮೋನಿಯಾದ ದಾರಿಯಲ್ಲಿ ಗಂಧಕಾಮ್ಲವನ್ನೇ ಬಿಟ್ಟು, ದ್ರಾವಕದಿಂದ ನೇರವಾಗಿ ಹುಳಿ ಸೆಳೆಯುವ ಪ್ರಯತ್ನ ಆಕರ್ಷಕ. ತೊಡಕೂ ಅಲ್ಲೇ ಇದೆ. ಲ್ಯಾಕ್ಟಿಕ್ ಆಮ್ಲದ ಪಿಕೆಎ, ಅಂದರೆ ಆಮ್ಲ ಅರ್ಧ ಬಿಡಿಯಾಗಿ ಅರ್ಧ ಲವಣವಾಗಿ ಇರುವ ಪಿಎಚ್, 3.86; ಪಿಎಚ್ 5.8ರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಬಿಡಿ ಆಮ್ಲ. ಟ್ರೈಆಕ್ಟೈಲಮೈನ್‌ನಂಥ ದ್ರಾವಕ ತನ್ನ ಎಣ್ಣೆಪದರಕ್ಕೆ ಎಳೆದುಕೊಳ್ಳುವುದು ಆ ಪಾಲನ್ನು. ಅದು ಹೋದಷ್ಟೂ ಅಮೋನಿಯಾ ಹಿಂದುಳಿದು ಪಿಎಚ್ ಏರುತ್ತದೆ, ಸೆಳೆತ ಕುಗ್ಗುತ್ತದೆ. ಕಾಯಿಸಿ ಅಮೋನಿಯಾವನ್ನು ಹೊರಹಾಕಿ ಮತ್ತೆ ತೊಟ್ಟಿಗೆ ತರಬಹುದು; ಕಾಗದದ ಮೇಲೆ ಚೆಂದದ ಚಕ್ರ. ಕಾವು ಮೀರಿದರೆ ಮಾತ್ರ ಲವಣವೇ ನೀರು ಕಳೆದುಕೊಂಡು ಲ್ಯಾಕ್ಟಮೈಡ್ ಆಗಿಬಿಡುತ್ತದೆ.

ಅದೇ ಅಮೋನಿಯಂ ಲವಣಕ್ಕೆ ಗಂಧಕಾಮ್ಲ ಹಾಕಿ ಪಿಎಚ್ 2ಕ್ಕೆ ಇಳಿಸಿದರೆ ನೂರಕ್ಕೆ 98 ಪಾಲು ಆಮ್ಲ ಬಿಡಿಯಾಗುತ್ತದೆ. ಆಗ ದ್ರಾವಕದ ಕೆಲಸ ಸಲೀಸು. ಟನ್ನಿಗೆ ಸುಮಾರು 730 ಕೆಜಿ ಅಮೋನಿಯಂ ಸಲ್ಫೇಟ್ ಉಳಿಯುತ್ತದೆ. ಬೇರೆಡೆ ಅದನ್ನು ಹೊರೆ ಎಂದಾರು. ಗಂಗಾವತಿಯಲ್ಲಿ ಗಿರಣಿಯ ಬೆನ್ನಿಗೇ ಭತ್ತದ ಗದ್ದೆಯಿದೆ, ಆ ಬೆಳೆಗೆ ಸಾರಜನಕವೂ ಬೇಕು, ಗಂಧಕವೂ ಬೇಕು. ಆದ್ದರಿಂದ ಇಲ್ಲಿಗೆ ಈ ದಾರಿಯೇ ಮೇಲು. ಗೊಬ್ಬರಕ್ಕೆ ದ್ರಾವಕದ ಅಂಶ ಎಷ್ಟು ಸೇರುತ್ತದೆ ಎಂಬುದನ್ನು ಮಾತ್ರ ಗದ್ದೆಗೆ ಹಾಕುವ ಮೊದಲೇ ಅಳೆಯಬೇಕು.