ಹಳೆಯ ಗಾಜಿನ ಸೀಸೆಗಳ ಮರುಬಳಕೆ: ಮುಚ್ಚಳದ ಶುದ್ಧಿಯೇ ಮುಖ್ಯ

ತಿಪಟೂರು: ಕಲ್ಪತರು ನಾಡೆಂದು ಹೆಸರಾದ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಕೊಬ್ಬರಿಗೆ ಸಂಬಂಧಿಸಿದ ಪದಾರ್ಥವಿಲ್ಲದ ಕಪಾಟು ಇರುವುದು ಅಪರೂಪ. ಕೊಬ್ಬರಿ ತುರಿ, ಕೊಬ್ಬರಿ ಚಟ್ನಿಪುಡಿ, ಗಾಣದ ಎಣ್ಣೆ, ಜತೆಗೆ ವರ್ಷದ ಉಪ್ಪಿನಕಾಯಿ. ಹಿಂದೆ ಇವುಗಳಿಗೆ ಪಿಂಗಾಣಿ ಜಾಡಿಗಳಿದ್ದವು. ಬಳಿಕ ಹಾರ್ಲಿಕ್ಸ್, ಜಾಮ್, ಕಾಫಿಪುಡಿ ಮತ್ತು ಉಪ್ಪಿನಕಾಯಿಯ ಖಾಲಿ ಗಾಜಿನ ಸೀಸೆಗಳು ಆ ಸ್ಥಾನವನ್ನು ಹಿಡಿದವು. ಗಾಜು ಹಳೆಯದಾದರೂ ಬಹುಮಟ್ಟಿಗೆ ಕೆಡುವುದಿಲ್ಲ. ಕೆಡುವುದು ಅದರ ಪ್ಲಾಸ್ಟಿಕ್ ಮುಚ್ಚಳ. ಒಳಗಿನ ಪದಾರ್ಥ ಕೆಡುವುದೂ ಅನೇಕ ವೇಳೆ ಅಲ್ಲಿಂದಲೇ ಆರಂಭವಾಗುತ್ತದೆ.

ಇದು ಕೇವಲ ಅಚ್ಚುಕಟ್ಟುತನದ ವಿಷಯವಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅಂದರೆ ಕಿಲೋಗೆ 121 ರೂಪಾಯಿ. ಅದೇ ವರ್ಷ ಮಾರುಕಟ್ಟೆ ದರ ಇದನ್ನು ಬಹಳವಾಗಿ ಮೀರಿತ್ತು. ಬಲಿತ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಒಣಗಿದ ನಂತರ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ಕಾಲ ಕಾದು ಪಡೆದ ಪದಾರ್ಥವು ತೇವವುಳಿದ ಒಂದು ಮುಚ್ಚಳದಿಂದ ಕೆಲವೇ ವಾರಗಳಲ್ಲಿ ಹಾಳಾಗಬಹುದು.

ಕಮಟು ಹಿಡಿಯುವುದೇಕೆ?

ಕೊಬ್ಬರಿ ಎಣ್ಣೆಯ ಸುಮಾರು ಶೇ 90ರಷ್ಟು ಭಾಗ ಸಂತೃಪ್ತ ಕೊಬ್ಬು. ಆದ್ದರಿಂದ ಗಾಳಿಯ ಆಮ್ಲಜನಕದಿಂದ ಅದು ಇತರ ಅನೇಕ ಎಣ್ಣೆಗಳಷ್ಟು ಬೇಗ ಕೆಡುವುದಿಲ್ಲ. ಅದರ ಮುಖ್ಯ ಶತ್ರು ನೀರು. ತೇವಾಂಶ ಮತ್ತು ಬೂಷ್ಟು ಸೇರಿದಾಗ ಎಣ್ಣೆಯ ಕಣಗಳು ಒಡೆದು ಲಾರಿಕ್ ಮೊದಲಾದ ಆಮ್ಲಗಳು ಬಿಡುಗಡೆಯಾಗುತ್ತವೆ. ಕೆಟ್ಟ ಕೊಬ್ಬರಿಯಲ್ಲಿ ನಾಲಿಗೆಗೆ ಹತ್ತುವ ಸಾಬೂನಿನಂತಹ ರುಚಿಗೆ ಇದೇ ಕಾರಣ.

ಮುಚ್ಚಳದ ತಿರುಪಿನ ಸಂದು, ಒಳಗಿನ ರಬ್ಬರ್ ಬಳೆ, ಮುಚ್ಚಳಕ್ಕೆ ಅಂಟಿಸಿದ ರಟ್ಟಿನ ಅಥವಾ ನೊರೆಪದರದ ಬಿಲ್ಲೆ ಇವು ಮೂರೂ ಹಳೆಯ ಎಣ್ಣೆ ಹಾಗೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೊರನೋಟಕ್ಕೆ ಶುಭ್ರವಾಗಿ ಕಾಣುವ ಮುಚ್ಚಳದ ಬಿಲ್ಲೆಯನ್ನು ಎಬ್ಬಿಸಿದರೆ ಕಪ್ಪು ಬೂಷ್ಟು ಕಾಣುವುದು ಅಪರೂಪವೇನಲ್ಲ.

ವಾಸನೆ ಬಿಡದಿರಲು ಇನ್ನೊಂದು ಕಾರಣವಿದೆ. ಮುಚ್ಚಳಗಳನ್ನು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್‌ನಿಂದ ತಯಾರಿಸಲಾಗುತ್ತದೆ. ಇವು ನೀರನ್ನು ಹೀರುವುದಿಲ್ಲ. ಆದರೆ ಎಣ್ಣೆಯಲ್ಲಿ ಕರಗುವ ವಾಸನೆ ಮತ್ತು ಬಣ್ಣ ನಿಧಾನವಾಗಿ ಇವುಗಳೊಳಗೆ ಇಳಿಯುತ್ತವೆ. ಅರಿಶಿನದ ಹಳದಿ, ಮೆಣಸಿನಕಾಯಿಯ ಕೆಂಪು, ಇಂಗಿನ ವಾಸನೆ ಮೇಲ್ಮೈಯನ್ನು ಉಜ್ಜಿದರೂ ಹೋಗದಿರುವುದು ಇದರಿಂದಲೇ. ಗಾಜಿನಲ್ಲಿ ಈ ತೊಂದರೆ ಇಲ್ಲ.

ಮುಚ್ಚಳ ತೊಳೆಯುವ ಕ್ರಮ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಮುಂಜಾನೆ ತಣ್ಣೀರಿನಲ್ಲಿ ತೊಳೆದರೆ ತಿರುಪಿನ ಸಂದಿನಲ್ಲಿರುವ ಎಣ್ಣೆ ಮೇಣದಂತೆ ಅಂಟಿಯೇ ಉಳಿಯುತ್ತದೆ. ಆದಕಾರಣ ಕೈ ತಾಳುವಷ್ಟು ಬಿಸಿಯಾದ ನೀರನ್ನೇ ಬಳಸಬೇಕು.

1. ರಬ್ಬರ್ ಬಳೆ ಹಾಗೂ ಬಿಲ್ಲೆಯನ್ನು ಬೇರ್ಪಡಿಸಬೇಕು. ರಟ್ಟಿನ ಬಿಲ್ಲೆಯನ್ನು ತೊಳೆದು ಮತ್ತೆ ಹಾಕುವುದು ಸಲ್ಲದು, ಅದನ್ನು ಎಸೆಯಬೇಕು.

2. ಒಣ ಬಟ್ಟೆಯಿಂದ ಜಿಡ್ಡನ್ನು ಮೊದಲೇ ಒರೆಸಿ ತೆಗೆದರೆ ಅರ್ಧ ಕೆಲಸ ಮುಗಿದಂತೆ.

3. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಅಥವಾ ಸೀಗೆಪುಡಿ ಬೆರೆಸಿ ಅರ್ಧ ಗಂಟೆ ನೆನೆಸಬೇಕು. ನಂತರ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿರುಪಿನ ಸಂದುಗಳನ್ನು ಉಜ್ಜಬೇಕು. ಮೆದುವಾದ ತೆಂಗಿನ ನಾರು ಮುಚ್ಚಳದ ಹೊರಭಾಗಕ್ಕೆ ಸಾಕು. ಮರಳು ಮತ್ತು ಉಕ್ಕಿನ ನಾರನ್ನು ಬಳಸಬಾರದು. ಅವು ಮಾಡುವ ಗೀರುಗಳಲ್ಲಿ ಜಿಡ್ಡು ಇನ್ನಷ್ಟು ನೆಲೆಯೂರುತ್ತದೆ. ಗೀರು ಬಿದ್ದ ಗಾಜೂ ದುರ್ಬಲವಾಗುತ್ತದೆ.

4. ವಾಸನೆ ಉಳಿದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಬೇಕು.

5. ಅರಿಶಿನದ ಕಲೆಗೆ ಬಿಸಿಲು ಉತ್ತಮ ಮದ್ದು. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದೆ. ಆದರೆ ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗಿ ಸೀಳುತ್ತದೆ. ಕೆಲವು ಗಂಟೆಗಳು ಸಾಕು.

ಇಷ್ಟಾದರೂ ವಾಸನೆ ಹೋಗದ ಮುಚ್ಚಳವನ್ನು ಅದೇ ಪದಾರ್ಥದ ಸೀಸೆಗೆ ಮೀಸಲಿಡುವುದು ಲೇಸು. ಉಪ್ಪಿನಕಾಯಿಯ ಮುಚ್ಚಳ ಉಪ್ಪಿನಕಾಯಿಗೇ ಇರಲಿ. ಬಿರುಕು ಬಿಟ್ಟ, ಸೊಟ್ಟಗಾದ, ಜಿಗುಟಾದ ಮುಚ್ಚಳಗಳನ್ನು ಬಿಸಾಡಬೇಕು.

ಬ್ಲೀಚಿಂಗ್ ದ್ರವವನ್ನು ವಿನೆಗರ್ ಅಥವಾ ನಿಂಬೆರಸದೊಂದಿಗೆ ಬೆರೆಸಲೇಬಾರದು. ಆಮ್ಲ ಸೇರಿದೊಡನೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಕುದಿಸಬಹುದೇ?

ಮುಚ್ಚಳದ ಒಳಭಾಗದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಅಚ್ಚಾಗಿರುವುದುಂಟು. 5 ಎಂದರೆ ಪಾಲಿಪ್ರೊಪಿಲೀನ್. ಅದು ಕುದಿಯುವ ನೀರನ್ನು ತಾಳುತ್ತದೆ. 4 ಎಂದರೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್. ಕುದಿಸಿದರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಅಂಕಿ ಇಲ್ಲದಿದ್ದರೆ ಕುದಿಸದೆ ಬಿಸಿನೀರಿನಲ್ಲಿ ತೊಳೆಯುವುದೇ ಕ್ಷೇಮ.

ಗಾಜಿನ ಸೀಸೆಯನ್ನು ಕುದಿಸಬಹುದು. ಆದರೆ ತಣ್ಣಗಿನ ಸೀಸೆಗೆ ಕುದಿನೀರು ಸುರಿಯುವುದು ಅಪಾಯ. ಸಾಮಾನ್ಯ ಸೀಸೆಯ ಗಾಜು ಹಠಾತ್ ತಾಪ ವ್ಯತ್ಯಾಸಕ್ಕೆ ಸಿಡಿಯುತ್ತದೆ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಸೀಸೆಗಳನ್ನು ತಣ್ಣೀರಿನಲ್ಲಿ ಮುಳುಗಿಸಿ, ನಿಧಾನವಾಗಿ ಕಾಯಿಸಬೇಕು. ಸಮುದ್ರಮಟ್ಟದ ಊರುಗಳಲ್ಲಿ ಹತ್ತು ನಿಮಿಷ ಕುದಿಸಿದರೆ ಸಾಕು. ಈ ತಾಲ್ಲೂಕುಗಳು ಸುಮಾರು 800 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ನೀರು 100 ಡಿಗ್ರಿಗಿಂತ ತುಸು ಕಡಿಮೆ ತಾಪದಲ್ಲೇ ಕುದಿಯುವುದರಿಂದ 12ರಿಂದ 13 ನಿಮಿಷ ಕುದಿಸುವುದು ಒಳಿತು.

ತುಂಬುವ ಮುನ್ನ

ತೊಳೆದ ಸೀಸೆಯನ್ನು ಬಟ್ಟೆಯ ಮೇಲೆ ಬೋರಲು ಹಾಕಿಯೇ ಬಿಟ್ಟರೆ ಒಳಗಿನ ಆವಿ ಹೊರಹೋಗುವುದಿಲ್ಲ. ನೀರು ಇಳಿದ ನಂತರ ನೆಟ್ಟಗೆ ನಿಲ್ಲಿಸಿ, ಮುಚ್ಚಳವನ್ನು ಬೇರೆಯಾಗಿಟ್ಟು, ಒಂದು ದಿನ ಪೂರ್ತಿ ಒಣಗಿಸಬೇಕು. ಸೀಸೆಯ ಅಂಚಿನ ಸುತ್ತ ಹತ್ತಿಯನ್ನು ಸವರಿದರೆ ಕಣ್ಣಿಗೆ ಕಾಣದ ಸೀಳಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಅಂತಹ ಸೀಸೆಯನ್ನು ಆಹಾರಕ್ಕೆ ಬಳಸಬಾರದು. ಮುಚ್ಚಳ ಬಿಗಿಯಾಗಿದೆಯೇ ಎಂಬುದನ್ನು ತಿಳಿಯಲು, ಒಣಗಿಸುವ ಮೊದಲೇ ಸೀಸೆಗೆ ನೀರು ತುಂಬಿ ಒಣ ಕಾಗದದ ಮೇಲೆ ಹತ್ತು ನಿಮಿಷ ಬೋರಲಿಟ್ಟು ನೋಡಬಹುದು.

ಮುಚ್ಚಳ ಸಡಿಲವೆಂದು ಅದರೊಳಗೆ ವೃತ್ತಪತ್ರಿಕೆಯ ತುಂಡನ್ನು ಮಡಚಿಡುವ ರೂಢಿ ಅನೇಕ ಮನೆಗಳಲ್ಲಿದೆ. ಎಣ್ಣೆ ತಗುಲಿದಾಗ ಮುದ್ರಣದ ಮಸಿ ಆಹಾರಕ್ಕೆ ಇಳಿಯುತ್ತದೆ. ಈ ರೂಢಿಯನ್ನು ಕೈಬಿಡಬೇಕು.

ಗಾಜಿನ ಮೂಲಕ ಬೆಳಕು ಹಾಯುವುದರಿಂದ ಕೊಬ್ಬರಿ ಪುಡಿ ಮತ್ತು ಎಣ್ಣೆಯನ್ನು ನೆರಳಿನಲ್ಲಿಡಬೇಕು. ಹಸಿ ಕಾಯಿತುರಿಯನ್ನು ಫ್ರೀಜರ್‌ನಲ್ಲಿಡುವಾಗ ಸೀಸೆಯನ್ನು ಭುಜದವರೆಗೆ ತುಂಬಬಾರದು. ಹೆಪ್ಪುಗಟ್ಟಿದ ತೇವ ಹಿಗ್ಗಿ ಗಾಜು ಒಡೆಯಬಹುದು. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿ ಹೊರಗಿಡುವುದು ಸೀಸೆ ಎಷ್ಟೇ ಶುಭ್ರವಾಗಿದ್ದರೂ ಅಪಾಯಕಾರಿ. ಗಾಳಿಯಿಲ್ಲದೆಡೆ ಬೆಳೆಯುವ ಬಾಟುಲಿಸಂ ರೋಗಾಣು ಅಲ್ಲಿ ವಿಷವನ್ನು ಉತ್ಪಾದಿಸಬಲ್ಲದು.

ಬೂಷ್ಟು ಕಂಡರೆ

ಮೇಲಿನ ಬೂಷ್ಟನ್ನು ಒರೆಸಿ ಉಳಿದ ಕೊಬ್ಬರಿಯನ್ನು ಹುರಿದು ಬಳಸುವವರಿದ್ದಾರೆ. ಇದು ಸರಿಯಲ್ಲ. ಸರಿಯಾಗಿ ಒಣಗದ ಕೊಬ್ಬರಿಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತವೆ. ಇದು ಯಕೃತ್ತಿಗೆ ಹಾನಿಕರ ಹಾಗೂ ಕ್ಯಾನ್ಸರ್‌ಕಾರಕ. ಅಡುಗೆಮನೆಯ ಸಾಧಾರಣ ಹುರಿತದಿಂದ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಎಷ್ಟೇ ಬೆಲೆಯಿದ್ದರೂ ಅಂತಹ ಕೊಬ್ಬರಿಯನ್ನು ಬಿಸಾಡಲೇಬೇಕು. ದನಕರುಗಳಿಗೂ ಹಾಕಬಾರದು, ಆ ವಿಷದ ಅಂಶ ಹಾಲಿನ ಮೂಲಕ ಮರಳಿ ಮನೆಗೇ ಬರುತ್ತದೆ.

ಬಳಸಲೇಬಾರದ ಸೀಸೆಗಳು

ತೋಟದ ಮನೆಗಳಲ್ಲಿ ಕೀಟನಾಶಕ, ಫಿನಾಯಿಲ್, ವಾರ್ನಿಶ್ ಮೊದಲಾದವುಗಳ ಸೀಸೆಗಳೂ ಇರುತ್ತವೆ. ಅವನ್ನಾಗಲಿ, ಅವುಗಳ ಮುಚ್ಚಳಗಳನ್ನಾಗಲಿ ಎಷ್ಟು ಬಾರಿ ತೊಳೆದರೂ ಆಹಾರಕ್ಕೆ ಬಳಸಕೂಡದು. ಕೀಟನಾಶಕದ ಖಾಲಿ ಡಬ್ಬಗಳು ಮರುಬಳಕೆಯಾಗದಂತೆ ಒಡೆದು ವಿಲೇವಾರಿ ಮಾಡಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಇದಕ್ಕಿಂತ ಹೆಚ್ಚಿನ ಅಪಾಯ ತದ್ವಿರುದ್ಧದ ಅಭ್ಯಾಸದಲ್ಲಿದೆ. ಉಳಿದ ಕೀಟನಾಶಕವನ್ನು ಜಾಮ್ ಅಥವಾ ಹಾರ್ಲಿಕ್ಸ್ ಸೀಸೆಗೆ ಸುರಿದಿಟ್ಟರೆ ಮಕ್ಕಳು ಅದನ್ನು ತಿನಿಸೆಂದು ತಿಳಿಯುತ್ತಾರೆ. ಪರಿಚಿತ ಸೀಸೆಯ ಆಕಾರವೇ ಇಲ್ಲಿ ಮೋಸ ಮಾಡುತ್ತದೆ.

ಮಾರಾಟಗಾರರಿಗೆ ನಿಯಮ

ಮನೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಗಾಣದ ಎಣ್ಣೆ ತಯಾರಿಸಿ ಮಾರುವವರಿಗೆ 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಪ್ಯಾಕೇಜಿಂಗ್) ನಿಯಮಾವಳಿ ಅನ್ವಯಿಸುತ್ತದೆ. ಇದು 2019ರ ಜುಲೈ 1ರಿಂದ ಜಾರಿಗೆ ಬಂದಿತು. ಮರುಬಳಸುವ ಗಾಜಿನ ಸೀಸೆಗಳು ಬಾಳಿಕೆಯುಳ್ಳವಾಗಿರಬೇಕು, ತೊಳೆಯಲು ಅಥವಾ ಸೋಂಕು ನಿವಾರಿಸಲು ಸುಲಭವಾಗಿರಬೇಕು ಎಂದು ಅದು ಹೇಳುತ್ತದೆ. ಒಮ್ಮೆ ಬಳಸಿದ ತಗಡಿನ ಡಬ್ಬಗಳಲ್ಲಿ ಆಹಾರವನ್ನು ಮತ್ತೆ ತುಂಬುವಂತಿಲ್ಲ. ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟುವುದಕ್ಕೂ ನಿಷೇಧವಿದೆ. ಬೇರೆ ಕಂಪೆನಿಯ ಹಳೆಯ ಚೀಟಿ ಇರುವ ಸೀಸೆಯಲ್ಲಿ ಸ್ವಂತ ಸರಕನ್ನು ಮಾರುವುದು ಗ್ರಾಹಕರನ್ನು ತಪ್ಪುದಾರಿಗೆ ಎಳೆದಂತೆ. ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯಬೇಕು. ಉಳಿದ ಅಂಟಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ತುಸು ಹೊತ್ತಿನ ನಂತರ ಸಾಬೂನಿನಿಂದ ತೊಳೆದರೆ ಅದು ಬಿಡುತ್ತದೆ.

ಮನೆಯ ಸೀಸೆಗಳಿಗೂ ಹೊಸ ಚೀಟಿ ಅಗತ್ಯ. ಒಳಗಿನ ಪದಾರ್ಥದ ಹೆಸರು ಮತ್ತು ತುಂಬಿದ ತಾರೀಖು ಎರಡನ್ನು ಬರೆದರೆ ಸಾಕು. ಸೀಸೆ ಖಾಲಿಯಾದಾಗಲೆಲ್ಲ ಉಳಿದ ಪುಡಿಯ ಮೇಲೆ ಹೊಸತನ್ನು ಸುರಿಯದೆ, ಮುಚ್ಚಳ ಸಹಿತ ತೊಳೆದು ಒಣಗಿಸಿದ ನಂತರವೇ ತುಂಬಬೇಕು. ಹಳೆಯ ಪುಡಿಯ ಕಮಟು ಹೊಸತಕ್ಕೆ ಹತ್ತದಂತೆ ತಡೆಯಲು ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ.